ಬ್ರಹ್ಮಗಿರಿಯ ನಗೆಹಕ್ಕಿ: ಒಂದು ಹೆಸರಿನ ಚರಿತ್ರೆ

ಕೊಡಗಿನ ದಕ್ಷಿಣದ ಅಂಚಿನಲ್ಲಿ, ಇರ್ಪು ಜಲಪಾತದ ನೆತ್ತಿಯ ಮೇಲೆ, ಬ್ರಹ್ಮಗಿರಿ ಬೆಟ್ಟಸಾಲು ಕರ್ನಾಟಕ ಮತ್ತು ಕೇರಳಗಳ ನಡುವಣ ಗಡಿಯಾಗಿ ನಿಂತಿದೆ. ಅದರ ಮೇಲ್ಭಾಗದ ಕಾಡಿನಲ್ಲಿ ಒಂದು ಸಣ್ಣ ಹಕ್ಕಿ ವಾಸಿಸುತ್ತದೆ. ಇಡೀ ಭೂಮಂಡಲದಲ್ಲಿ ಅದರ ನೆಲೆಯೆಂದರೆ ಈ ಬೆಟ್ಟಸಾಲು ಮತ್ತು ಇದರ ದಕ್ಷಿಣಕ್ಕೆ ವಯನಾಡಿನ ಸುತ್ತ ಇರುವ ಬೆರಳೆಣಿಕೆಯ ಶಿಖರಗಳು, ಅಷ್ಟೆ. 1851ರಲ್ಲಿ ಅದಕ್ಕೊಂದು ಹೆಸರು ಬಂತು. ಅನಂತರ ಅದನ್ನು ಬೇರೆ ಬೇರೆ ಹಕ್ಕಿಗಳ ಲೆಕ್ಕಕ್ಕೆ ಸೇರಿಸಲಾಯಿತು. 2017ರಲ್ಲಿ ಮತ್ತೆ ಅದನ್ನು ಅದರದೇ ಹೆಸರಿನಲ್ಲಿ ನಿಲ್ಲಿಸಲಾಯಿತು. ಈ ನೂರ ಅರವತ್ತಾರು ವರ್ಷಗಳ ಕಥೆಯನ್ನು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಕೊಡಗಿಗೆ ಕಾಫಿ ಬಂದ ಬಗೆಯನ್ನು ಕುರಿತು ಹಿಂದೆ ಬರೆದಾಗ, ‘ತೋಟದ ಕಥೆ ಹೇಳಿದಿರಿ ಸರ್, ಕಾಡಿನ ಕಥೆ ಎಲ್ಲಿ?’ ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದಿರಿ. ಅದಕ್ಕೆ ಉತ್ತರ ಇದು.

ಮೊದಲು ಒಂದು ಸ್ಪಷ್ಟನೆ. ಕೊಡಗಿನಲ್ಲಿ ಬ್ರಹ್ಮಗಿರಿ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ತಲಕಾವೇರಿಯ ಬ್ರಹ್ಮಗಿರಿ. ನಾನು ಹೇಳುತ್ತಿರುವುದು ಅದನ್ನಲ್ಲ. ಶ್ರೀಮಂಗಲ, ಕುಟ್ಟ ಕಡೆಯ ಬ್ರಹ್ಮಗಿರಿಯನ್ನು. ಲಕ್ಷ್ಮಣತೀರ್ಥ ನದಿ ಹುಟ್ಟುವುದು ಇಲ್ಲಿ. ಆಚೆ ಬದಿಯ ಇಳಿಜಾರಿನಲ್ಲಿ ತಿರುನೆಲ್ಲಿಯ ದೇವಾಲಯವಿದೆ; ಅದರ ಮೇಲೆ ಪಕ್ಷಿಪಾತಾಳವೆಂಬ ಬಂಡೆಗಳ ಗುಹೆಯಿದೆ.

ಹಕ್ಕಿಯ ಹೆಸರಿನ ವಿಷಯ. ಇಂಗ್ಲಿಷಿನವರು ಇದರ ಬಳಗವನ್ನು ‘ಲಾಫಿಂಗ್ ಥ್ರಷ್’ ಎಂದು ಕರೆದರು. ಮಲಯಾಳಿಗಳು ‘ಚಿಲಪ್ಪನ್’ ಎನ್ನುತ್ತಾರೆ. ಈಗ ಪಕ್ಷಿವೀಕ್ಷಕರ ಇಂಗ್ಲಿಷ್ ಪಟ್ಟಿಗಳಲ್ಲಿ ಕೂಡ ‘ಬಾಣಾಸುರ ಚಿಲಪ್ಪನ್’ ಎಂಬ ಹೆಸರು ಕಾಣಸಿಗುತ್ತದೆ. ನಮ್ಮ ಹಿತ್ತಿಲಲ್ಲಿ ಏಳೆಂಟು ಸೇರಿಕೊಂಡು ಗಲಾಟೆ ಮಾಡುವ ಹರಟೆಮಲ್ಲಗಳ ದೂರದ ನಂಟ ಇದು. ನಗುವಂತೆ ಕೂಗುವುದರಿಂದ ಈ ಬರಹದ ಮಟ್ಟಿಗೆ ನಗೆಹಕ್ಕಿ ಎಂದೇ ಕರೆಯುತ್ತೇನೆ. ಮೈನಾಕ್ಕಿಂತ ತುಸು ಚಿಕ್ಕದು. ಬೆನ್ನು ಕಂದು, ಎದೆ ಬೂದು, ಹೊಟ್ಟೆ ಇಟ್ಟಿಗೆಗೆಂಪು. ಕಣ್ಣಿನ ಮೇಲೆ ಬಿಳಿಯ ಹುಬ್ಬು, ಗಲ್ಲ ಕಪ್ಪು. ಪೊದೆಗಳ ಒಳಗೆ ಗುಂಪಾಗಿ ಓಡಾಡುತ್ತ ಹುಳುಗಳನ್ನೂ ಕಾಡುಹಣ್ಣುಗಳನ್ನೂ ತಿನ್ನುತ್ತದೆ. ದೂರ ಹಾರುವ ಅಭ್ಯಾಸ ಇದಕ್ಕಿಲ್ಲ. ಈ ಕೊನೆಯ ಮಾತನ್ನು ನೆನಪಿನಲ್ಲಿಡಿ. ಮುಂದಿನ ಕಥೆಯೆಲ್ಲ ಅದರ ಮೇಲೆ ನಿಂತಿದೆ.

ಸಮುದ್ರಮಟ್ಟದಿಂದ ಸುಮಾರು 1,400 ಮೀಟರ್ ದಾಟಿದ ಮೇಲೆ ಪಶ್ಚಿಮಘಟ್ಟದ ಸ್ವರೂಪವೇ ಬೇರೆ. ದುಂಡನೆಯ ಗುಡ್ಡಗಳ ಮೈಮೇಲೆ ಹುಲ್ಲುಗಾವಲು, ಗುಡ್ಡಗಳ ಮಡಿಕೆಗಳಲ್ಲಿ ನೀರಿನ ಸೆಲೆಯನ್ನು ಹಿಡಿದು ಬೆಳೆದ ಗಿಡ್ಡ ಮರಗಳ ದಟ್ಟ ಕಾಡು. ಈ ಕಾಡನ್ನು ಶೋಲಾ ಎನ್ನುತ್ತೇವೆ. ಕೊಂಬೆಗಳ ತುಂಬ ಪಾಚಿ, ಸೀತಾಳೆ, ಹಗಲಲ್ಲೂ ಮಂಜು. ಇಂಥ ಎತ್ತರದ ತಾಣಗಳು ಒಂದಕ್ಕೊಂದು ತಾಗಿಕೊಂಡಿಲ್ಲ. ಒಂದು ಬೆಟ್ಟಸಾಲಿನಿಂದ ಇನ್ನೊಂದಕ್ಕೆ ಹೋಗಬೇಕಾದರೆ ನಡುವಣ ಬಿಸಿ ಕಣಿವೆಯನ್ನು ದಾಟಬೇಕು. ದೂರ ಹಾರಲಾರದ, ಬಿಸಿಲು ತಾಳದ ಹಕ್ಕಿಗೆ ಆ ಕಣಿವೆ ಸಮುದ್ರವಿದ್ದಂತೆ. ಅದಕ್ಕೇ ವಿಜ್ಞಾನಿಗಳು ಈ ಶಿಖರಗಳನ್ನು ಆಗಸದ ದ್ವೀಪಗಳು ಎಂದು ಕರೆಯುತ್ತಾರೆ.

ಈ ದ್ವೀಪಗಳಿಗೆ ಬಂದೂಕು ಹಿಡಿದು ಹತ್ತಿದವರಲ್ಲಿ ಮುಖ್ಯನಾದವನು ಥಾಮಸ್ ಕ್ಯಾವರ್‌ಹಿಲ್ ಜೆರ್ಡನ್. 1811ರಲ್ಲಿ ಇಂಗ್ಲೆಂಡಿನ ಡರ್ಹಮ್ ಪ್ರಾಂತದಲ್ಲಿ ಹುಟ್ಟಿದ ಈತ ಎಡಿನ್‌ಬರೋದಲ್ಲಿ ವೈದ್ಯಕೀಯ ಓದಿ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿ 1836ರಲ್ಲಿ ಮದರಾಸಿಗೆ ಬಂದ. ಸೈನ್ಯದ ವೈದ್ಯನಿಗೆ ಊರೂರು ಅಲೆಯುವ ಕೆಲಸ. ಹೋದಲ್ಲೆಲ್ಲ ಹಕ್ಕಿಗಳನ್ನು ಸಂಗ್ರಹಿಸಿದ. ಮೊದಲ ಸಂಗ್ರಹವನ್ನು ಗುರುತಿಸಿಕೊಡಿ ಎಂದು ಬ್ರಿಟನ್ನಿನ ವಿದ್ವಾಂಸ ವಿಲಿಯಂ ಜಾರ್ಡಿನನಿಗೆ ಹಡಗಿನಲ್ಲಿ ಕಳುಹಿಸಿದ. ಅದು ತಲುಪುವ ಹೊತ್ತಿಗೆ ನುಸಿ ಹಿಡಿದು ಹಾಳಾಗಿತ್ತಂತೆ. ಅಲ್ಲಿಂದ ಮುಂದೆ ಜೆರ್ಡನ್ ಯಾರನ್ನೂ ಕಾಯದೆ ತನ್ನ ತಿಳಿವಳಿಕೆಯನ್ನೇ ನೆಚ್ಚಿದ. ನನಗೆ ಈ ಮನುಷ್ಯ ಇಷ್ಟವಾಗುವುದು ಇದಕ್ಕೇ. ದಕ್ಷಿಣ ಭಾರತದ ಹಕ್ಕಿಗಳ ಮೊದಲ ದೊಡ್ಡ ಪಟ್ಟಿಯನ್ನು ಅವನು ಮದರಾಸಿನ ಒಂದು ವಿದ್ವತ್ಪತ್ರಿಕೆಯಲ್ಲಿ 1839ರಿಂದ ಪ್ರಕಟಿಸತೊಡಗಿದ. ನೀಲಗಿರಿಯ ನಗೆಹಕ್ಕಿಗೆ ಶಾಸ್ತ್ರೀಯ ನಾಮಕರಣವಾದದ್ದು ಆ ವರ್ಷವೇ. ‘ಕ್ಯಾಕಿನ್ನನ್ಸ್’ ಎಂದು ಅವನಿಟ್ಟ ಲ್ಯಾಟಿನ್ ಹೆಸರಿನ ಅರ್ಥ ‘ಗಹಗಹಿಸಿ ನಗುವುದು’.

ಆ ಕಾಲದಲ್ಲಿ ಹಕ್ಕಿಯನ್ನು ನೋಡುವುದೆಂದರೆ ಅದನ್ನು ಹೊಡೆದು ಕೆಡಹುವುದು, ಚರ್ಮ ಸುಲಿಯುವುದು, ಪಾಷಾಣ ಸವರಿ, ಹತ್ತಿ ತುಂಬಿ, ಕಾಲಿಗೆ ಚೀಟಿ ಕಟ್ಟಿ ಪೆಟ್ಟಿಗೆಯಲ್ಲಿಡುವುದು. ಇದನ್ನು ಕೇಳಿ ಮುಖ ಸಿಂಡರಿಸುವ ಮೊದಲು ಒಂದು ವಿಷಯವನ್ನು ಗಮನಿಸಬೇಕು. ಒಳ್ಳೆಯ ದುರ್ಬೀನಿಲ್ಲದ, ಚಿತ್ರವಿರುವ ಕೈಪಿಡಿಯಿಲ್ಲದ ಕಾಲದಲ್ಲಿ ಎರಡು ಹಕ್ಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ಹೋಲಿಸಲು ಬೇರೆ ದಾರಿ ಇರಲಿಲ್ಲ. ಆ ಚೀಟಿಗಳಲ್ಲಿ ಬರೆದಿಟ್ಟ ಊರು, ತಾರೀಕುಗಳು ಇಂದಿಗೂ ಉಪಯೋಗಕ್ಕೆ ಬರುತ್ತವೆ.

ನಮ್ಮ ಕಥೆಯ ಹಕ್ಕಿ ದೊರೆತದ್ದು ವಯನಾಡಿನ ಬಾಣಾಸುರ ಶಿಖರದಲ್ಲಿ. ಬಲಿಯ ಮಗ ಬಾಣ, ಅವನ ಮಗಳು ಉಷೆ, ಅವಳ ಕನಸಿನಲ್ಲಿ ಬಂದ ಅನಿರುದ್ಧ, ಇವರ ಕಥೆಯನ್ನು ಬಲ್ಲ ನಮಗೆ ಈ ಹೆಸರು ಅಪರಿಚಿತವಲ್ಲ. 2,000 ಮೀಟರಿಗೂ ಮೀರಿದ ಆ ಶಿಖರದ ಮಾದರಿ ಕಲ್ಕತ್ತೆಗೆ ಹೋಯಿತು. ಅಲ್ಲಿ ಏಷಿಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯವನ್ನು 1841ರಿಂದ ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲಿತ್ 1851ರಲ್ಲಿ ಇದನ್ನು ಹೊಸ ಪ್ರಭೇದವೆಂದು ಸಾರಿ, ಗೆಳೆಯನ ಗೌರವಾರ್ಥ ‘ಜೆರ್ಡೋನಿ’ ಎಂದು ಕರೆದ. ಹದಿನೆಂಟು ವರ್ಷಗಳ ಅನಂತರ ಭೂವಿಜ್ಞಾನಿ ಬ್ಲಾನ್‌ಫರ್ಡ್, ಪಳನಿ ಬೆಟ್ಟಗಳ ನಗೆಹಕ್ಕಿಗೆ ಫೇರ್‌ಬ್ಯಾಂಕ್ ಎಂಬ ಅಮೆರಿಕನ್ ಪಾದ್ರಿಯ ಹೆಸರನ್ನಿಟ್ಟ. 1880ರಲ್ಲಿ ಅವನೇ ತಿರುವಾಂಕೂರಿನ ದಕ್ಷಿಣ ತುದಿಯ ಇನ್ನೊಂದನ್ನು ವಿವರಿಸಿದ. ಹೀಗೆ ನೀಲಗಿರಿ, ಬಾಣಾಸುರ, ಪಳನಿ, ದಕ್ಷಿಣ ತಿರುವಾಂಕೂರು ಎಂಬ ನಾಲ್ಕು ದ್ವೀಪಗಳ ನಾಲ್ಕು ನಗೆಹಕ್ಕಿಗಳು ಆ ಶತಮಾನದೊಳಗೇ ಪುಸ್ತಕಕ್ಕೆ ಬಂದಿದ್ದವು. ಜೆರ್ಡನ್ 1862ರಿಂದ 1864ರ ನಡುವೆ ಪ್ರಕಟಿಸಿದ ‘ದಿ ಬರ್ಡ್ಸ್ ಆಫ್ ಇಂಡಿಯಾ’ ಭಾರತದ ಹಕ್ಕಿಗಳನ್ನೆಲ್ಲ ಒಟ್ಟಿಗೆ ತಂದ ಮೊದಲ ಮಹಾಗ್ರಂಥ. ಅವನು ತೀರಿಕೊಂಡದ್ದು 1872ರಲ್ಲಿ.

ಈ ಮಾತಿನ ನಡುವೆ ಎ.ಓ. ಹ್ಯೂಮನನ್ನು ಬಿಡಲಾಗದು. ಹತ್ತನೆಯ ತರಗತಿಯಲ್ಲಿ ನನ್ನಿಂದ ಪಾಠ ಕೇಳಿದವರೆಲ್ಲರಿಗೂ ಇವನು 1885ರಲ್ಲಿ ಕಾಂಗ್ರೆಸ್ ಸ್ಥಾಪನೆಗೆ ಕಾರಣನಾದ ಆಂಗ್ಲ ಅಧಿಕಾರಿ. ಪರೀಕ್ಷೆಗೆ ಅಷ್ಟು ಸಾಕಾಗಿತ್ತು! ಆದರೆ ಅವನ ಕಾಲದಲ್ಲಿ ಭಾರತದ ಹಕ್ಕಿಗಳ ಬಗ್ಗೆ ಅವನಷ್ಟು ತಿಳಿದವನು ಬೇರೊಬ್ಬನಿರಲಿಲ್ಲ. ದೇಶದಾದ್ಯಂತ ಸಂಗ್ರಾಹಕರನ್ನಿಟ್ಟು, ‘ಸ್ಟ್ರೇ ಫೆದರ್ಸ್’ ಎಂಬ ಪತ್ರಿಕೆಯನ್ನು ನಡೆಸಿ, ಮಹಾಗ್ರಂಥವೊಂದಕ್ಕೆ ವರ್ಷಗಟ್ಟಲೆ ಟಿಪ್ಪಣಿ ಕೂಡಿಹಾಕಿದ್ದ. ಅವನು ಊರಲ್ಲಿಲ್ಲದಾಗ ಸಿಮ್ಲಾದ ಮನೆಯ ಸೇವಕನೊಬ್ಬ ಆ ಹಸ್ತಪ್ರತಿಗಳನ್ನು ಪೇಟೆಯಲ್ಲಿ ರದ್ದಿ ಕಾಗದವಾಗಿ ಮಾರಿಬಿಟ್ಟ. ಮನಸ್ಸು ಮುರಿದ ಹ್ಯೂಮ್ ಸಾವಿರಾರು ಹಕ್ಕಿಗಳ ತನ್ನ ಸಂಗ್ರಹವನ್ನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಟ್ಟ. ಅದೂ 1885ರಲ್ಲೇ. ರದ್ದಿ ಅಂಗಡಿಯಲ್ಲಿ ಆ ಹಾಳೆಗಳಲ್ಲಿ ಏನು ಕಟ್ಟಿ ಕೊಟ್ಟರೋ!

ಇನ್ನು ಮುಂದಿನದು, ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಕುತೂಹಲಕರವಾಗಿ ಕಂಡದ್ದು. ಇಪ್ಪತ್ತನೆಯ ಶತಮಾನದಲ್ಲಿ ಸಲೀಂ ಅಲಿಯವರು ಹಕ್ಕಿಗಳ ಸರ್ವೇಕ್ಷಣೆಯನ್ನು ಸಂಸ್ಥಾನಗಳ ಲೆಕ್ಕದಲ್ಲಿ ನಡೆಸಿದರು. 1931ರಿಂದ ಹೈದರಾಬಾದು, 1933ರಲ್ಲಿ ತಿರುವಾಂಕೂರು ಮತ್ತು ಕೊಚ್ಚಿ, 1939-40ರಲ್ಲಿ ಮೈಸೂರು. ಅರಮನೆಗಳ ನೆರವಿಲ್ಲದೆ ಅಂಥ ಕೆಲಸ ಆಗುವಂತಿರಲಿಲ್ಲ. ಆದರೆ ಸಂಸ್ಥಾನದ ಸರ್ವೇಕ್ಷಣೆ ಸಂಸ್ಥಾನದ ಗಡಿಯಲ್ಲಿ ನಿಲ್ಲುತ್ತದೆ. ಕೊಡಗು 1834ರಿಂದ ಬ್ರಿಟಿಷರ ನೇರ ಆಡಳಿತದಲ್ಲಿದ್ದ, ಚೀಫ್ ಕಮಿಷನರರ ಅಧೀನದ ಪುಟ್ಟ ಪ್ರಾಂತ. ಮೈಸೂರಿನ ಲೆಕ್ಕಕ್ಕೆ ಸೇರದು. ವಯನಾಡು ಮದರಾಸು ಪ್ರಾಂತದ ಮಲಬಾರ್ ಜಿಲ್ಲೆಯ ಭಾಗ. ತಿರುವಾಂಕೂರಿನ ಲೆಕ್ಕಕ್ಕೂ ಸೇರದು. ನಮ್ಮ ನಗೆಹಕ್ಕಿ ವಾಸಿಸುವುದು ಸರಿಯಾಗಿ ಈ ಸಂದಿನಲ್ಲಿ. ಮನೆಗಳ ಗಡಿಬೇಲಿಯಲ್ಲಿ ಬೆಳೆದ ಗಿಡಕ್ಕೆ ಯಾರೂ ನೀರು ಹಾಕುವುದಿಲ್ಲವಲ್ಲ, ಹಾಗೆ ಆಯಿತು. ಕೊಡಗಿನ ಮಟ್ಟಿಗೆ ಎಫ್.ಎನ್. ಬೆಟ್ಸ್ ಎಂಬ ಕಾಫಿ ತೋಟಗಾರ ತನ್ನ ಬಿಡುವಿನಲ್ಲಿ ಮಾಡಿಕೊಂಡ ಟಿಪ್ಪಣಿಗಳೇ ದೊಡ್ಡ ಆಧಾರ. ಅವು 1951ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾದವು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು, ವಯನಾಡು ಕೇರಳಕ್ಕೆ ಹೋಯಿತು. ಬ್ರಹ್ಮಗಿರಿಯ ಬೆನ್ನಮೇಲಣ ಗೆರೆ ಮಾತ್ರ ಗೆರೆಯಾಗಿಯೇ ಉಳಿಯಿತು.

ಹೆಸರಿನ ಕಡೆಗೆ ಬರೋಣ. ದ್ವೀಪಕ್ಕೊಂದರಂತೆ ಹೆಸರು ಪಡೆದಿದ್ದ ನಾಲ್ಕು ಹಕ್ಕಿಗಳನ್ನು ಮುಂದಿನ ವಿದ್ವಾಂಸರು ಎರಡಾಗಿ ಕಟ್ಟಿದರು. ನೀಲಗಿರಿಯದು ಒಂದು ಪ್ರಭೇದ; ಉಳಿದ ಮೂರೂ ಸೇರಿ ಇನ್ನೊಂದು. ಸಲೀಂ ಅಲಿ ಮತ್ತು ಡಿಲ್ಲನ್ ರಿಪ್ಲಿಯವರು 1968ರಿಂದ 1974ರವರೆಗೆ ಹತ್ತು ಸಂಪುಟಗಳಲ್ಲಿ ಹೊರತಂದ ಕೈಪಿಡಿಯಲ್ಲಿಯೂ ಇದೇ ವ್ಯವಸ್ಥೆಯಿದೆ. ಈ ಲೆಕ್ಕದಲ್ಲಿ ‘ಜೆರ್ಡೋನಿ’ ಎಂಬ ಹಕ್ಕಿ ಕೊಡಗಿನಿಂದ ತಿರುವಾಂಕೂರಿನ ತುದಿಯವರೆಗೆ ಹಬ್ಬಿತ್ತು. ಅಷ್ಟು ದೂರ ಹಬ್ಬಿದ ಹಕ್ಕಿಯ ಬಗ್ಗೆ ಯಾರು ಚಿಂತಿಸುತ್ತಾರೆ? 2005ರಲ್ಲಿ ರಾಸ್ಮುಸ್ಸೆನ್ ಮತ್ತು ಆಂಡರ್‌ಟನ್ ಎಂಬ ಅಮೆರಿಕದ ವಿದ್ವಾಂಸರು ತಮ್ಮ ದೊಡ್ಡ ಗ್ರಂಥದಲ್ಲಿ ಕಟ್ಟನ್ನು ಬಿಚ್ಚಿ ಬೇರೆ ರೀತಿಯಲ್ಲಿ ಕಟ್ಟಿದರು. ಬಾಣಾಸುರದ ಹಕ್ಕಿ ಈಗ ನೀಲಗಿರಿಯ ಹಕ್ಕಿಯ ಮನೆಗೆ ಹೋಯಿತು. ದಕ್ಷಿಣದ ಎರಡು ಸೇರಿ ಬೇರೆ ಮನೆಯಾಯಿತು. ಇದರಲ್ಲಿ ಆ ವಿದ್ವಾಂಸರನ್ನು ಹಳಿಯುವಂಥದ್ದೇನೂ ಇಲ್ಲ. ಅವರ ಕೈಯಲ್ಲಿದ್ದ ಸಾಕ್ಷ್ಯ ಅಷ್ಟು. ಆದರೆ ಯಾವ ಮನೆಯಲ್ಲಿದ್ದರೂ ನಮ್ಮ ಹಕ್ಕಿ ಆ ಮನೆಯ ಪಡಿತರ ಚೀಟಿಯಲ್ಲಿ ಒಂದು ಉಪಹೆಸರಾಗಿತ್ತು. ಬಾಣಾಸುರ, ಬ್ರಹ್ಮಗಿರಿಗಳಲ್ಲಿ ಅದು ಪೂರ್ತಿ ಇಲ್ಲವಾಗಿದ್ದರೂ ಪಟ್ಟಿಯಿಂದ ಯಾವ ಹೆಸರೂ ಅಳಿಯುತ್ತಿರಲಿಲ್ಲ.

ನಾನು ದಕ್ಷಿಣ ಕೊಡಗಿನ ಪ್ರೌಢಶಾಲೆಯಲ್ಲಿದ್ದಾಗ, 1984ರ ಡಿಸೆಂಬರಿನಲ್ಲಿ, ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು ಸ್ಕೌಟ್ ತಂಡವನ್ನು ಇರ್ಪುವಿನಿಂದ ಬ್ರಹ್ಮಗಿರಿಗೆ ಹತ್ತಿಸಿದ್ದೆ. ಇದನ್ನು ಓದುತ್ತಿರುವ ನಿಮ್ಮಲ್ಲಿ ನಾಲ್ಕೈದು ಮಂದಿ ಆ ತಂಡದಲ್ಲಿದ್ದಿರಿ, ಜಿಗಣೆಗಳನ್ನು ಮರೆತಿರಲಾರಿರಿ. ನಮಗೆ ದಾರಿ ತೋರಿಸಲು ಬಂದಿದ್ದವರು ಎರವ ಸಮುದಾಯದ ಒಬ್ಬ ಹಿರಿಯ ವಾಚರ್. ಮೇಲಿನ ಶೋಲಾ ಕಾಡಿನ ಅಂಚಿನಲ್ಲಿ ಪೊದೆಯೊಳಗಿಂದ ಒಂದು ನಗು ಕೇಳಿಸಿತು. ಅದಕ್ಕೆ ಉತ್ತರವಾಗಿ ಇನ್ನೊಂದು, ಮತ್ತೊಂದು. ಕೊನೆಗೆ ಇಡೀ ಪೊದೆಯೇ ನಕ್ಕಂತಾಯಿತು. ಹುಡುಗರೂ ನಗತೊಡಗಿದರು. ‘ಈ ಹಕ್ಕಿ ಕೆಳಗೆ ಊರಿನ ಕಡೆ ಬರುವುದುಂಟೆ?’ ಎಂದು ನಾನು ಕೇಳಿದೆ. ಆತ ತಲೆಯಾಡಿಸಿ, ‘ಇಲ್ಲ ಮೇಷ್ಟ್ರೇ. ಅದು ಮೇಲೆ ಹುಟ್ತದೆ, ಮೇಲೇ ಸಾಯ್ತದೆ. ಆಚೆ ಬೆಟ್ಟಕ್ಕೂ ಹೋಗಲ್ಲ’ ಎಂದರು. ಆ ಮಾತನ್ನು ದಿನಚರಿಯಲ್ಲಿ ಬರೆದುಕೊಂಡಿದ್ದೆ. ಮೂವತ್ತಮೂರು ವರ್ಷಗಳ ತರುವಾಯ ಪ್ರಯೋಗಶಾಲೆಯಲ್ಲಿ ತಿಳಿದು ಬಂದದ್ದರ ತಿರುಳು ಇದರಿಂದ ಬಹಳ ದೂರವೇನೂ ಇರಲಿಲ್ಲ.

ಆ ಪ್ರಯೋಗಶಾಲೆ ಇದ್ದದ್ದು ನಮ್ಮ ಬೆಂಗಳೂರಿನಲ್ಲೇ, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ. ಅದಕ್ಕೂ ಮುಂಚೆ 2012ರಲ್ಲಿ ಕೇರಳದ ಪಿ.ಓ. ನಮೀರ್ ಮತ್ತು ಜೆ. ಪ್ರವೀಣ್ ಅವರು, ಈ ನಗೆಹಕ್ಕಿಗಳು ದ್ವೀಪದ್ವೀಪದಲ್ಲಿ ಬೇರೆಬೇರೆಯಾಗಿ ಬೆಳೆದವೆಂದೂ ಸಂರಕ್ಷಣೆಯ ದೃಷ್ಟಿಯಿಂದ ಇದನ್ನು ಗಂಭೀರವಾಗಿ ಪರಿಗಣಿಸಬೇಕೆಂದೂ ವಾದಿಸಿದ್ದರು. ವಿ.ವಿ. ರಾಬಿನ್, ಉಮಾ ರಾಮಕೃಷ್ಣನ್, ಸಿ.ಕೆ. ವಿಷ್ಣುದಾಸ್, ಸುಷ್ಮಾ ರೆಡ್ಡಿ ಮೊದಲಾದವರ ತಂಡ ಬೆಟ್ಟದಿಂದ ಬೆಟ್ಟಕ್ಕೆ ಹೋಗಿ, ಕಣ್ಣಿಗೆ ಕಾಣದಷ್ಟು ತೆಳುವಾದ ಬಲೆಗಳನ್ನು ಕಟ್ಟಿ, ಸಿಕ್ಕ ಹಕ್ಕಿಯಿಂದ ಒಂದು ಹನಿ ರಕ್ತ ತೆಗೆದು, ಅದನ್ನು ಹಾರಿಬಿಟ್ಟು, ಡಿಎನ್‌ಎ ಪರೀಕ್ಷಿಸಿತು. ಜೆರ್ಡನ್ನನ ಬಂದೂಕಿನಿಂದ ಈ ಒಂದು ಹನಿಯವರೆಗಿನ ದೂರವನ್ನು ನೋಡಿ. ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ದಕ್ಷಿಣದ ಈ ನಗೆಹಕ್ಕಿಗಳು ಹಿಮಾಲಯದ ನಗೆಹಕ್ಕಿಗಳ ಕುಲಕ್ಕೆ ಸೇರಿದವಲ್ಲ, ಇವುಗಳದು ಪಶ್ಚಿಮಘಟ್ಟದಲ್ಲೇ ಬೆಳೆದ ಸ್ವಂತ ಕುಲ ಎಂದು ತೋರಿತು. ಅದಕ್ಕೆ ‘ಮಾಂಟೆಸಿಂಕ್ಲಾ’ ಎಂಬ ಹೊಸ ಹೆಸರನ್ನಿಟ್ಟರು. ಅದರಲ್ಲಿ ನಾಲ್ಕು ಪ್ರಭೇದಗಳು: ನೀಲಗಿರಿ, ಬಾಣಾಸುರ, ಪಳನಿ, ಅಶಂಬು. ಹತ್ತೊಂಬತ್ತನೆಯ ಶತಮಾನದ ಅದೇ ನಾಲ್ಕು! ಪಾಲಕ್ಕಾಡು ಕಣಿವೆ ಮತ್ತು ಶೆಂಕೋಟೆ ಕಣಿವೆಗಳಂತೆಯೇ ನೀಲಗಿರಿ ಮತ್ತು ವಯನಾಡಿನ ಬೆಟ್ಟಗಳ ನಡುವೆ ಹರಿಯುವ ಚಾಲಿಯಾರ್ ನದಿಯ ಕಣಿವೆಯೂ ಈ ಹಕ್ಕಿಗಳಿಗೆ ದಾಟಲಾಗದ ಗಡಿಯಾಗಿತ್ತು. ಅದೇ ಅಧ್ಯಯನದಲ್ಲಿ ಶೋಲಾ ಕಾಡಿನ ನೀಲಿ ರಾಬಿನ್ ಹಕ್ಕಿಗಳಿಗೂ ‘ಶೋಲಿಕೋಲ’ ಎಂಬ ಹೊಸ ಕುಲ ಸಿಕ್ಕಿತು. ಶೋಲಾ ಎಂಬ ನಮ್ಮ ಕಡೆಯ ಮಾತು ಜಗತ್ತಿನ ಪಕ್ಷಿಶಾಸ್ತ್ರದಲ್ಲಿ ಹೀಗೆ ಸೇರಿಕೊಂಡದ್ದು ನನ್ನಂಥವನಿಗೆ ಸಂತೋಷದ ವಿಷಯ.

ಹಕ್ಕಿಯ ಹೆಸರು ಮನೆಯಿಂದ ಮನೆಗೆ ಅಲೆಯುತ್ತಿದ್ದ ಈ ಕಾಲದಲ್ಲಿ ಅದರ ಕಾಡು ಸುಮ್ಮನೆ ಕಾದು ಕುಳಿತಿರಲಿಲ್ಲ.

ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ 1819ರಲ್ಲಿ ನೀಲಗಿರಿಯನ್ನು ಹತ್ತಿದ ಮೇಲೆ ಉದಕಮಂಡಲ ಬೆಳೆಯಿತು. ಸೌದೆಗೆಂದು, ಅಂದಕ್ಕೆಂದು 1840ರ ದಶಕದಿಂದ ಆಸ್ಟ್ರೇಲಿಯದ ಮರಗಳನ್ನು ತಂದು ನೆಟ್ಟರು. ಅವುಗಳಲ್ಲೊಂದನ್ನು ನಾವು ಕನ್ನಡದಲ್ಲಿ ‘ನೀಲಗಿರಿ ಮರ’ ಎನ್ನುತ್ತೇವೆ! ಬೆಟ್ಟದ ಹುಲ್ಲನ್ನೂ ಶೋಲೆಯನ್ನೂ ನುಂಗಿದ ಪರದೇಶಿ ಮರಕ್ಕೆ ಆ ಬೆಟ್ಟದ ಹೆಸರನ್ನೇ ಕೊಟ್ಟಿದ್ದೇವೆ. ಅದರ ಹಿಂದೆ ಚಹಾ, ಸಿಂಕೋನಾ, ಚರ್ಮ ಹದಮಾಡುವ ತೊಗಟೆಗಾಗಿ ಅಕೇಶಿಯ ಜಾತಿಯ ವಾಟಲ್, ರೇಯಾನ್ ನೂಲಿನ ತಿರುಳಿಗಾಗಿ ಮತ್ತಷ್ಟು ನೀಲಗಿರಿ ಮರ. ಸ್ವಾತಂತ್ರ್ಯಾನಂತರವೂ ನಮ್ಮ ಸರಕಾರಗಳು ಹುಲ್ಲುಗಾವಲನ್ನು ಬಂಜರು ಭೂಮಿಯೆಂದು ಬಗೆದು ಮರ ನೆಡುವುದನ್ನು ಮುಂದುವರಿಸಿದವು. ಪಳನಿ ಬೆಟ್ಟಗಳಲ್ಲಿ ಉಪಗ್ರಹ ಚಿತ್ರಗಳನ್ನು ಹೋಲಿಸಿ ನಡೆಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. 1973ರಿಂದ ನಾಲ್ಕು ದಶಕಗಳಲ್ಲಿ ಅಲ್ಲಿನ ಹುಲ್ಲುಗಾವಲಿನ ಮೂರನೆಯ ಎರಡು ಪಾಲು ಇಲ್ಲವಾಗಿದೆ. ವಾಟಲ್ ಮರವನ್ನು ಕಡಿದರೆ ಬೇರಿನಿಂದ ಚಿಗುರುತ್ತದೆ, ಸುಟ್ಟರೆ ಬೀಜ ಮೊಳೆಯುತ್ತದೆ. ತೆಗೆಯುವುದು ನೆಟ್ಟಷ್ಟು ಸುಲಭವಲ್ಲ.

ವಯನಾಡಿನ ಬೆಟ್ಟಗಳ ಕಥೆ ಸ್ವಲ್ಪ ಬೇರೆ. ಅಲ್ಲಿ ಕಾಫಿ, ಚಹಾ, ಏಲಕ್ಕಿಗಳು ಕೆಳಗಿನಿಂದ ಮೇಲಕ್ಕೆ ಏರಿ ಬಂದು ಶೋಲೆಯ ಕಾಲನ್ನು ಹಿಡಿದವು. ನಮ್ಮ ಬ್ರಹ್ಮಗಿರಿ ಇವೆಲ್ಲಕ್ಕಿಂತ ಅದೃಷ್ಟವಂತ. 1974ರಲ್ಲಿ ಅದನ್ನು ವನ್ಯಜೀವಿಧಾಮವೆಂದು ಘೋಷಿಸಿದರು. ವಿಸ್ತೀರ್ಣ ಸುಮಾರು 181 ಚದರ ಕಿಲೋಮೀಟರ್. ಆದರೆ ಈ ಅಂಕಿಯನ್ನು ನೋಡಿ ಸಮಾಧಾನಪಡುವಂತಿಲ್ಲ. ವನ್ಯಜೀವಿಧಾಮದ ಬಹುಭಾಗ ಕೆಳಮಟ್ಟದ ನಿತ್ಯಹರಿದ್ವರ್ಣದ ಕಾಡು; ಶಿಖರವೇ 1,608 ಮೀಟರ್. 1,400ರಿಂದ 1,608ರವರೆಗೆ ಎಷ್ಟು ನೆಲ ಉಳಿಯುತ್ತದೆಂದು ನನ್ನ ಹಳೆಯ ಗಣಿತದ ಸಹೋದ್ಯೋಗಿಗಳು ಊಹಿಸಬಲ್ಲರು. ಹವೆ ಬಿಸಿಯಾಗುತ್ತ ಹೋದಂತೆ ಬೆಟ್ಟದ ಜೀವಿಗಳು ಮೇಲಕ್ಕೆ ಸರಿಯಬೇಕು. ಬ್ರಹ್ಮಗಿರಿಯ ನಗೆಹಕ್ಕಿಗೆ ಸರಿಯಲು ಮೇಲೆ ಹೆಚ್ಚು ಬೆಟ್ಟವಿಲ್ಲ. ಉತ್ತರಕ್ಕೆ ಬಾಬಾಬುಡನ್‌ಗಿರಿಯಲ್ಲಿ ಎತ್ತರವೂ ಉಂಟು, ಶೋಲಾ ಕಾಡೂ ಉಂಟು. ಆದರೆ ಈ ಹಕ್ಕಿ ಅಲ್ಲಿಲ್ಲ. ಬ್ರಹ್ಮಗಿರಿಯೇ ಅದರ ಉತ್ತರದ ಕೊನೆ.

ಸ್ವಂತ ಹೆಸರು ಬಂದ ಮೇಲೆ ಏನಾಯಿತು? ಮೊದಲನೆಯದಾಗಿ, ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಬಾಣಾಸುರದ ಹಕ್ಕಿಯನ್ನು ಪ್ರತ್ಯೇಕವಾಗಿ ಅಳೆದು ನೋಡಿ, ಅಳಿವಿನ ಅಪಾಯದಲ್ಲಿರುವ ಪ್ರಭೇದವೆಂದು ನಮೂದಿಸಿದರು. ಎರಡನೆಯದನ್ನು ಹೇಳಲು ಒಂದು ದುರಂತವನ್ನು ನೆನೆಯಬೇಕಾಗಿದೆ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ವೆಳ್ಳರಿಮಲದ ಇಳಿಜಾರು ಕುಸಿದು ಮುಂಡಕ್ಕೈ, ಚೂರಲ್‌ಮಲ ಹಳ್ಳಿಗಳನ್ನು ಕೊಚ್ಚಿಕೊಂಡು ಹೋಯಿತು. ಇನ್ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಮುನ್ನ ಎರಡು ದಿನಗಳಲ್ಲಿ ಅಲ್ಲಿ 572 ಮಿಲಿಮೀಟರ್ ಮಳೆ ಬಿದ್ದಿತ್ತು. ವೆಳ್ಳರಿಮಲ ಈ ನಗೆಹಕ್ಕಿಯ ಕೆಲವೇ ನೆಲೆಗಳಲ್ಲೊಂದು. ಕಲ್ಪೆಟ್ಟದಲ್ಲಿ ಹ್ಯೂಮನ ಹೆಸರನ್ನು ಹೊತ್ತ ಒಂದು ಪರಿಸರ ಅಧ್ಯಯನ ಕೇಂದ್ರವಿದೆ. ಬಾಣಾಸುರ ಹಕ್ಕಿಯ ಅಧ್ಯಯನದಲ್ಲಿ ತೊಡಗಿರುವ ವಿಷ್ಣುದಾಸ್ ಅವರ ಸಂಸ್ಥೆ ಅದು. ಜಿಲ್ಲೆಯ ಉದ್ದಗಲಕ್ಕೂ ಮಳೆಮಾಪಕಗಳನ್ನಿಟ್ಟು ಲೆಕ್ಕ ಬರೆಯುತ್ತಿದ್ದ ಅವರು, ಕುಸಿತದ ಹಿಂದಿನ ದಿನವೇ ಜಿಲ್ಲಾಡಳಿತಕ್ಕೆ ಎಚ್ಚರಿಕೆ ಕಳುಹಿಸಿದ್ದರೆಂದು ಪತ್ರಿಕೆಗಳು ವರದಿ ಮಾಡಿದವು. ಹಕ್ಕಿಯ ಬೆನ್ನು ಹತ್ತಿದವರು ಬೆಟ್ಟವನ್ನೇ ಓದಲು ಕಲಿತಿದ್ದರು.

ಅದೇ ಬೆಟ್ಟಸಾಲಿನ ಕೆಳಗೆ ಕೋಳಿಕ್ಕೋಡಿನ ಆನಕ್ಕಾಂಪೊಯಿಲ್‌ನಿಂದ ವಯನಾಡಿನ ಮೇಪ್ಪಾಡಿಗೆ ಎಂಟು ಕಿಲೋಮೀಟರಿಗೂ ಮೀರಿದ ಜೋಡಿ ಸುರಂಗ ಮಾರ್ಗವನ್ನು ಕೊರೆಯುವ ಯೋಜನೆ ದುರಂತಕ್ಕೂ ಮೊದಲೇ ರೂಪುಗೊಂಡಿತ್ತು. 2025ರಲ್ಲಿ ಅದಕ್ಕೆ ಪರಿಸರ ಅನುಮತಿ ದೊರೆತು, ಆ ವರ್ಷದ ಆಗಸ್ಟ್ ಕೊನೆಯಲ್ಲಿ ಕಾಮಗಾರಿ ಉದ್ಘಾಟನೆಯಾಯಿತು. ಘಾಟಿ ರಸ್ತೆಯಲ್ಲಿ ಗಂಟೆಗಟ್ಟಲೆ ಸಿಕ್ಕಿಬೀಳುವ, ರೋಗಿಗಳನ್ನು ಕೋಳಿಕ್ಕೋಡಿನ ಆಸ್ಪತ್ರೆಗೆ ಸಾಗಿಸಲಾಗದೆ ಒದ್ದಾಡುವ ವಯನಾಡಿನ ಜನರ ಬವಣೆ ನಿಜ. ನಮ್ಮ ಬಂಧುಗಳಲ್ಲಿಯೇ ಅದನ್ನು ಅನುಭವಿಸಿದವರಿದ್ದಾರೆ. ಸುರಂಗ ಬೇಡವೆಂದು ದೂರದಲ್ಲಿ ಕುಳಿತು ತೀರ್ಪು ಕೊಡಲು ನನಗೆ ಮನಸ್ಸು ಬಾರದು. ಕುಸಿದ ಬೆಟ್ಟದ ಪಕ್ಕದಲ್ಲೇ ಬೆಟ್ಟವನ್ನು ಕೊರೆಯುವುದನ್ನು ಕಂಡು ಸುಮ್ಮನಿರಲೂ ಮನಸ್ಸು ಬಾರದು. ಇಲ್ಲಿ ಹೇಳಬೇಕಾದದ್ದು ಇಷ್ಟು: ಅನುಮತಿಯ ಜೊತೆಗೆ ವಿಧಿಸಿದ ಷರತ್ತುಗಳಲ್ಲಿ ಬಾಣಾಸುರ ಚಿಲಪ್ಪನ್ ಹಕ್ಕಿಯ ಮೇಲೆ ನಿಗಾ ಇಡಬೇಕೆಂಬುದೂ ಸೇರಿದೆ. 1990ರಲ್ಲಿ ಇಂಥದೇ ಸುರಂಗಕ್ಕೆ ಅಪ್ಪಣೆ ಕೊಟ್ಟಿದ್ದರೆ ಆ ಕಾಗದದಲ್ಲಿ ಈ ಹಕ್ಕಿ ಇರಲು ಸಾಧ್ಯವೇ ಇರಲಿಲ್ಲ. ಷರತ್ತು ಕಾಗದದಲ್ಲೇ ಉಳಿಯುತ್ತದೆಯೋ ಪಾಲನೆಯಾಗುತ್ತದೆಯೋ ಎಂದು ಕೇಳಲು ಒಂದು ಹೆಸರಾದರೂ ಈಗ ಇದೆ.

ತೇಜಸ್ವಿಯವರ ಬರಹಗಳನ್ನೋದಿ ದುರ್ಬೀನು ಕೊಂಡವರು ನನ್ನ ವಿದ್ಯಾರ್ಥಿಗಳಲ್ಲಿ ಹಲವರಿದ್ದೀರಿ. ಈಗ ನಿಮ್ಮ ಮಕ್ಕಳೂ ಕ್ಯಾಮೆರಾ ಹೆಗಲಿಗೇರಿಸಿ ಬೆಟ್ಟಗಳಿಗೆ ಹೋಗುತ್ತಿದ್ದಾರೆ. ಒಳ್ಳೆಯದೇ. ಆದರೆ ಅಪರೂಪದ ಹಕ್ಕಿಯನ್ನು ನೋಡಿ ಪಟ್ಟಿಗೆ ಸೇರಿಸುವ ಆತುರದಲ್ಲಿ ಒಂದು ಕೆಟ್ಟ ಚಾಳಿ ಬೆಳೆದಿದೆ. ಫೋನಿನಲ್ಲಿ ಹಕ್ಕಿಯ ಕೂಗನ್ನು ನುಡಿಸಿ ಅದನ್ನು ಪೊದೆಯಿಂದ ಹೊರಗೆ ಕರೆಯುವುದು. ತನ್ನ ಜಾಗಕ್ಕೆ ಬೇರೆ ಹಕ್ಕಿ ನುಗ್ಗಿತೆಂದು ಅದು ಮೇವನ್ನೂ ಮರಿಯನ್ನೂ ಬಿಟ್ಟು ಓಡಿ ಬರುತ್ತದೆ. ದಿನಕ್ಕೆ ನಾಲ್ಕು ತಂಡಗಳು ಹೀಗೆ ಮಾಡಿದರೆ, ಒಂದು ಸಣ್ಣ ಶೋಲೆಯಲ್ಲಿರುವ ಒಂದೇ ಗುಂಪಿನ ಗತಿಯೇನು? ಬಂದೂಕು ಹೋದರೂ ಅದರ ಆತುರ ಹೋಗಿಲ್ಲ.

ಬ್ರಹ್ಮಗಿರಿಗೆ ಹೋಗುವವರು ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ಪಡೆಯಬೇಕು. ಬೇಸಗೆಯಲ್ಲಿ ಬೆಂಕಿಯ ಭಯದಿಂದ, ಮಳೆಗಾಲದಲ್ಲಿ ಜಾರುವ ದಾರಿಯಿಂದ ಪ್ರವೇಶವನ್ನು ನಿಲ್ಲಿಸುವುದುಂಟು. ಮಳೆ ನಿಂತ ಮೇಲಿನ ತಿಂಗಳುಗಳು ಉತ್ತಮ. ಬೆಳಗ್ಗೆ ಬೇಗ ಹೊರಡಿ. ದಾರಿಯ ಕೆಳಭಾಗದ ಕಾಡಿನಲ್ಲಿ ಇದರ ಹೆಸರನ್ನೇ ಹೋಲುವ ವಯನಾಡು ಲಾಫಿಂಗ್ ಥ್ರಷ್ ಎಂಬ ಇನ್ನೊಂದು ಹಕ್ಕಿ ಸಿಗಬಹುದು. ಅದರ ಗಂಟಲು ಬಿಳಿ, ಅದು ಬೇರೆ, ಮೋಸಹೋಗಬೇಡಿ. ಮೇಲೆ ಹುಲ್ಲು ಮತ್ತು ಮರಗಳು ಕೂಡುವ ಅಂಚಿನಲ್ಲಿ ಕುಳಿತು, ಮಾತಾಡದೆ, ಅರ್ಧ ಗಂಟೆಯಾದರೂ ಕಾಯಿರಿ. ಕೇಳಿದ್ದನ್ನು, ಕಂಡದ್ದನ್ನು, ತಾರೀಕು ಮತ್ತು ಎತ್ತರದೊಂದಿಗೆ ಬರೆದಿಡಿ. ಈಬರ್ಡ್ ಎಂಬ ಅಂತರಜಾಲದ ದಾಖಲೆಯಲ್ಲಿ ಅದನ್ನು ಸೇರಿಸಿದರೆ ಅಧ್ಯಯನ ಮಾಡುವವರಿಗೆ ಸಿಗುತ್ತದೆ. ನನಗೂ ಒಂದು ಸಾಲು ಬರೆಯಿರಿ. ಮೊಣಕಾಲಿನ ನೋವಿನಿಂದ ನಾನು ಈಗ ಇರ್ಪು ದೇವಸ್ಥಾನದಿಂದ ಮೇಲೆ ಹತ್ತಲಾರೆ.